ರೋಲ್ ಕಾಲ್ ಓದಿದ ಗವರ್ನರ್‌ನ ಊರಲ್ಲಿ ನಾಲ್ಕು ದಿನ

ಗುರುವಾರ

ಬೆಳಗ್ಗೆ ಎಂಟಕ್ಕೆಲ್ಲ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಿಂದ ಹೊರಟೆವು. ಕಾರು ಓಡಿಸುತ್ತಿದ್ದವಳು ನನ್ನ ತಂಗಿಯ ಮಗಳು. ಮನೆಯಲ್ಲಿ ಅವಳು ಇವತ್ತಿಗೂ ಪುಟ್ಟಿ. ವಿಸ್ಕಾನ್ಸಿನ್‌ಗೆ ಬಂದು ಹನ್ನೆರಡು ವರ್ಷ, ಈಗ ಇಲ್ಲಿನ ಪ್ರಜೆ.

"ಮಾವ, ಬಂದವರೆಲ್ಲ ನಯಾಗರ ತೋರಿಸು ಅಂತಾರೆ. ನೀವು ನೂರು ವರ್ಷದ ಹಿಂದೆ ತೀರಿಹೋದ ಗವರ್ನರ್ ಹುಟ್ಟಿದ ಊರು ತೋರಿಸು ಅಂತಿದ್ದೀರಲ್ಲ" ಅಂದಳು.

ಮೈಸೂರು ಸೀಮೆಯ ಪದವಿ ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಅಮೆರಿಕದ ಪಕ್ಷ ಪದ್ಧತಿಯ ಪಾಠ ಬಂದಾಗಲೆಲ್ಲ ಈ ಗವರ್ನರ್ ರಾಬರ್ಟ್ ಲಾ ಫಾಲೆಟ್ ಹೆಸರು ಬರುತ್ತಿತ್ತು. ಎರಡು ಸಾಲು ಹೇಳಿ ಮುಂದಕ್ಕೆ ಹೋಗಬೇಕಾಗುತ್ತಿತ್ತು, ಸಿಲಬಸ್ ಮುಗಿಯಬೇಕಲ್ಲ. ಆ ಎರಡು ಸಾಲಿನ ಹಿಂದಿನ ಮನುಷ್ಯನನ್ನು ಅವನ ನೆಲದಲ್ಲೇ ನೋಡಬೇಕು ಅನ್ನುವ ಆಸೆ ಬಹಳ ದಿನದ್ದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ನೇಮಕವಾಗಿ ಬಂದವರಲ್ಲ. ಜನ ವೋಟು ಹಾಕಿ ಗೆಲ್ಲಿಸಿದವರು. ಅಧಿಕಾರದ ಲೆಕ್ಕದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ.

ವೆರೋನಾ ದಾಟಿದ ಮೇಲೆ ನೆಲ ಏಳುಬೀಳಾಗುತ್ತದೆ. ವಿಸ್ಕಾನ್ಸಿನ್‌ನ ಹೆಚ್ಚಿನ ಭಾಗವನ್ನು ಹಿಮಯುಗದ ಹಿಮನದಿಗಳು ಉಜ್ಜಿ ಸಮ ಮಾಡಿವೆ. ಈ ನೈಋತ್ಯ ಮೂಲೆಯನ್ನು ಅವು ಮುಟ್ಟಲಿಲ್ಲ. ಅದಕ್ಕೇ ಇಲ್ಲಿ ಗುಡ್ಡ, ಕಣಿವೆ, ತಿರುವು. ಕಟಾವಿಗೆ ನಿಂತ ಮುಸುಕಿನ ಜೋಳದ ಹೊಲಗಳು ಒಣಗಿ ಸರಸರ ಅನ್ನುತ್ತಿದ್ದವು. ಮನೆಗಳ ಮುಂದೆ ನವೆಂಬರ್ ಚುನಾವಣೆಯ ಪುಟ್ಟ ಪುಟ್ಟ ಬೋರ್ಡುಗಳು. ಒಂದು ಮನೆಯ ಮುಂದೆ ಒಬ್ಬ ಅಭ್ಯರ್ಥಿ, ಪಕ್ಕದ ಮನೆಯ ಮುಂದೆ ಅವನ ಎದುರಾಳಿ.

ಪ್ರಿಮ್‌ರೋಸ್ ಅಂದರೆ ನಮ್ಮ ಕಣ್ಣಿಗೆ ಊರಲ್ಲ. ದೂರ ದೂರಕ್ಕೆ ಒಂದೊಂದು ತೋಟದ ಮನೆ, ಕೆಂಪು ಕೊಟ್ಟಿಗೆ, ಮೇವು ತುಂಬುವ ಎತ್ತರದ ಸೈಲೋ. 1855ರ ಜೂನ್ 14ರಂದು ಇಲ್ಲಿನ ಒಂದು ಮರದ ದಿಮ್ಮಿಯ ಮನೆಯಲ್ಲಿ ಲಾ ಫಾಲೆಟ್ ಹುಟ್ಟಿದ್ದು. ಮಗುವಿಗೆ ಎಂಟು ತಿಂಗಳಾದಾಗ ತಂದೆ ಜೊಸಾಯ ತೀರಿಕೊಂಡರು. ಸುತ್ತಮುತ್ತ ನಾರ್ವೆಯಿಂದ ಬಂದು ನೆಲೆಸಿದ ರೈತರು. ಮುಂದೆ ಎಷ್ಟೋ ಚುನಾವಣೆಗಳಲ್ಲಿ ಅವನ ಕೈಬಿಡದೆ ನಿಂತವರು ಇವರ ಥರದ ಜನವೇ.

ತಾಯಿ ಮೇರಿ 1862ರಲ್ಲಿ ಮರುಮದುವೆಯಾದರು. ಹೊಸ ಗಂಡ ಜಾನ್ ಸ್ಯಾಕ್ಸ್‌ಟನ್ ಆರ್ಗೈಲ್ ಊರಿನ ವ್ಯಾಪಾರಿ, ಎಪ್ಪತ್ತರ ಆಸುಪಾಸಿನ ಕಟ್ಟುನಿಟ್ಟಿನ ಮುದುಕ. ಮಧ್ಯಾಹ್ನದ ಹೊತ್ತಿಗೆ ನಾವೂ ಆರ್ಗೈಲ್ ಮುಟ್ಟಿದೆವು. ಪೆಕಟೋನಿಕಾ ಹೊಳೆ ಊರ ಅಂಚಿನಲ್ಲೇ ಮೆಲ್ಲಗೆ ಹರಿಯುತ್ತದೆ. ಹುಡುಗ ಇಲ್ಲಿ ಜನರ ತಲೆಕೂದಲು ಕತ್ತರಿಸಿ ನಾಲ್ಕು ಕಾಸು ಸಂಪಾದಿಸುತ್ತಿದ್ದ. ಕ್ಷೌರದಂಗಡಿಯಲ್ಲಿ ಊರಿನ ಎಲ್ಲ ಮಾತೂ ಕಿವಿಗೆ ಬೀಳುತ್ತದೆ. ಮಲತಂದೆ ತೀರಿಕೊಂಡ ಮೇಲೆ ಸಂಸಾರ 1873ರಲ್ಲಿ ಮ್ಯಾಡಿಸನ್ ಸೇರಿತು. ಮರುವರ್ಷ ರಾಜ್ಯದ ಮುಖ್ಯ ನ್ಯಾಯಾಧೀಶರಾದ ಎಡ್ವರ್ಡ್ ರಯನ್ ಅದೇ ವರ್ಷ ಮಾಡಿದ ಭಾಷಣವನ್ನು ಈ ಹದಿನೆಂಟರ ಹುಡುಗ ಕೇಳಿಸಿಕೊಂಡ. ಈ ದೇಶವನ್ನು ಆಳಬೇಕಾದ್ದು ದುಡ್ಡೋ ಮನುಷ್ಯನೋ ಅನ್ನುವ ಪ್ರಶ್ನೆ ಮುಂದಿನ ತಲೆಮಾರಿನ ಬಾಗಿಲಿಗೆ ಬರುತ್ತದೆ ಎಂದು ರಯನ್ ಹೇಳಿದ್ದರು. ಲಾ ಫಾಲೆಟ್ ಅದನ್ನು ಸಾಯುವ ತನಕ ಮರೆಯಲಿಲ್ಲ.

ಶುಕ್ರವಾರ

ಪುಟ್ಟಿಗೆ ಕೆಲಸ ಇತ್ತು. ನನ್ನನ್ನು ವಿಶ್ವವಿದ್ಯಾನಿಲಯದ ಹತ್ತಿರ ಇಳಿಸಿ ಹೋದಳು. ಬ್ಯಾಸ್ಕಮ್ ಹಿಲ್ ಚಿಕ್ಕ ಗುಡ್ಡ. ನನ್ನ ಮಂಡಿಗೆ ಅಷ್ಟೇ ಸಾಕಾಯಿತು, ನಡುನಡುವೆ ಕೂತು ಹತ್ತಿದೆ. ಗುಡ್ಡದ ಹೆಸರು ಜಾನ್ ಬ್ಯಾಸ್ಕಮ್ ಅವರದು, ಲಾ ಫಾಲೆಟ್ ಓದುವಾಗ ಇಲ್ಲಿನ ಅಧ್ಯಕ್ಷರು. ಸರ್ಕಾರಿ ದುಡ್ಡಿನಲ್ಲಿ ಓದಿದವರು ಆ ಸಾಲವನ್ನು ಜನಕ್ಕೆ ತೀರಿಸಬೇಕು ಅನ್ನುವುದು ಅವರ ಪಾಠ.

ಲಾ ಫಾಲೆಟ್ ಒಳ್ಳೆಯ ಅಂಕ ತೆಗೆದ ವಿದ್ಯಾರ್ಥಿಯಲ್ಲ. ವಿದ್ಯಾರ್ಥಿ ಪತ್ರಿಕೆ ನಡೆಸಿ, ಮೇಷ್ಟರಾಗಿ ದುಡಿದು ಓದಿದವನು. ಆದರೆ ಮಾತು! 1879ರಲ್ಲಿ ಷೇಕ್ಸ್‌ಪಿಯರನ ಇಯಾಗೋ ಪಾತ್ರದ ಮೇಲೆ ಭಾಷಣ ಮಾಡಿ ಅಂತರರಾಜ್ಯ ಸ್ಪರ್ಧೆ ಗೆದ್ದು ಬಂದ. ಇಲ್ಲೇ ಬೆಲ್ ಕೇಸ್ ಅನ್ನುವ ಸಹಪಾಠಿಯ ಪರಿಚಯವಾಯಿತು. 1881ರ ಡಿಸೆಂಬರ್ 31ರಂದು ಮದುವೆ. ಗಂಡನಿಗೆ ವಿಧೇಯಳಾಗಿರುತ್ತೇನೆ ಅನ್ನುವ ಮಾತನ್ನು ಮದುವೆಯ ಪ್ರಮಾಣದಿಂದ ತೆಗೆಸಿದರು. 1885ರಲ್ಲಿ ಇಲ್ಲಿನ ಕಾನೂನು ಕಾಲೇಜಿನಿಂದ ಪದವಿ ಪಡೆದ ಮೊದಲ ಹೆಣ್ಣುಮಗಳು ಆಕೆಯೇ. ಮಡಿಲಲ್ಲಿ ಮಗು ಇಟ್ಟುಕೊಂಡು ಓದಿದ್ದು.

ಗುಡ್ಡದ ನೆತ್ತಿಯ ಬ್ಯಾಸ್ಕಮ್ ಹಾಲ್‌ನ ಬಾಗಿಲ ಪಕ್ಕದಲ್ಲಿ ಒಂದು ಕಂಚಿನ ಫಲಕ ಇದೆ. ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ರಿಚರ್ಡ್ ಈಲಿ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರ ಮೇಲೆ ಮುಷ್ಕರಗಳಿಗೆ ಬೆಂಬಲ ಕೊಟ್ಟರು ಎಂಬ ಆಪಾದನೆ ಬಂದಾಗ, 1894ರಲ್ಲಿ ಆಡಳಿತ ಮಂಡಳಿ ಅವರನ್ನು ಬಿಟ್ಟುಕೊಡದೆ ಬರೆದ ಮಾತು ಅದರಲ್ಲಿದೆ. ಬೇರೆ ಕಡೆ ಏನೇ ಕಟ್ಟು ಇರಲಿ, ಇಲ್ಲಿ ಮಾತ್ರ ಅಂಜದೆ ಕೇರುವುದೂ ತೂರುವುದೂ ನಡೆಯುತ್ತಲೇ ಇರಬೇಕು, ಸತ್ಯ ಸಿಗುವುದು ಹಾಗೆ ಮಾತ್ರ ಎಂಬ ಅರ್ಥ. ಕಣದಲ್ಲಿ ರಾಗಿ ತೂರಿದವರ ಮನೆಯಿಂದ ಬಂದವನಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

1903ರಲ್ಲಿ ಗವರ್ನರ್ ಲಾ ಫಾಲೆಟ್ ಇದ್ದಾಗ, ಅವನದೇ ತರಗತಿಯ ಚಾರ್ಲ್ಸ್ ವ್ಯಾನ್ ಹೈಸ್ ಇಲ್ಲಿನ ಅಧ್ಯಕ್ಷರಾದರು. ವಿಶ್ವವಿದ್ಯಾನಿಲಯದ ಎಲ್ಲೆ ಎಂದರೆ ರಾಜ್ಯದ ಎಲ್ಲೆ ಎಂಬ 'ವಿಸ್ಕಾನ್ಸಿನ್ ಐಡಿಯಾ' ಬೆಳೆದದ್ದು ಈ ಜೋಡಿಯ ಕಾಲದಲ್ಲಿ. ಜಾನ್ ಕಾಮನ್ಸ್‌ರಂಥ ಪ್ರಾಧ್ಯಾಪಕರು ತರಗತಿ ಮುಗಿಸಿ, ಒಂದು ಮೈಲಿ ದೂರದ ಶಾಸನಸಭೆಯ ಕಟ್ಟಡ ಕ್ಯಾಪಿಟಲ್‌ಗೆ ಹೋಗಿ ಕಾಯಿದೆಯ ಕರಡು ಬರೆದುಕೊಡುತ್ತಿದ್ದರು. ಶಾಸಕರಿಗೆ ಬೇಕಾದ ಮಾಹಿತಿ ಹುಡುಕಿ ಕೊಡಲೆಂದೇ ಚಾರ್ಲ್ಸ್ ಮೆಕಾರ್ಥಿ ಒಂದು ಗ್ರಂಥಾಲಯ ಕಟ್ಟಿದರು. ರೈಲ್ವೆ ಕಂಪನಿಯ ವಕೀಲ ಬರೆದುಕೊಟ್ಟದ್ದಕ್ಕೆ ಶಾಸಕ ಸುಮ್ಮನೆ ಕೈ ಎತ್ತಬೇಕಾದ ಸ್ಥಿತಿ ಹೋಯಿತು.

ಇದೇ ಕ್ಯಾಂಪಸ್ಸಿನಲ್ಲಿ 1890ರಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಹಾಲಿನ ಕೊಬ್ಬು ಅಳೆಯುವ ಸುಲಭ ಪರೀಕ್ಷೆ ಕಂಡುಹಿಡಿದರು. ಪೇಟೆಂಟ್ ತೆಗೆದುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ರೇಟು ಅನ್ನುವ ಅನ್ಯಾಯ ನಿಂತಿತು. ನಮ್ಮೂರ ಡೈರಿಯ ಮುಂದೆ ಬೆಳಗ್ಗೆ ಕ್ಯಾನು ಹಿಡಿದು ನಿಂತು "ಇವತ್ತು ಫ್ಯಾಟ್ ಎಷ್ಟು ಬಂತು?" ಎಂದು ಕೇಳುವ ನಮ್ಮ ಅತ್ತಿಗೆಯ ಮುಖ ನೆನಪಾಯಿತು.

ಮೈಸೂರಿಗೂ ಈ ಗುಡ್ಡಕ್ಕೂ ನಿಜವಾದ ಒಂದು ಎಳೆ ಇದೆ. ಮೈಸೂರು ವಿಶ್ವವಿದ್ಯಾನಿಲಯ ಕಟ್ಟುವ ಮುಂಚೆ ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಹೊರದೇಶಗಳ ಉನ್ನತ ಶಿಕ್ಷಣವನ್ನು ನೋಡಿ ವರದಿ ಕೊಟ್ಟರು. ಸಂಶೋಧನೆಗೆ ಶಿಕಾಗೋ, ಬದುಕಿಗೆ ಸಜ್ಜುಗೊಳಿಸುವುದಕ್ಕೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್, ಜ್ಞಾನವನ್ನು ಎಲ್ಲ ಜನರಿಗೆ ಹಂಚುವುದಕ್ಕೆ ವಿಸ್ಕಾನ್ಸಿನ್ ಮಾದರಿ ಎಂದು ಅದರಲ್ಲಿ ಹೇಳಿತ್ತು. 1916ರ ಜುಲೈ 27ರಂದು ನಮ್ಮ ವಿಶ್ವವಿದ್ಯಾನಿಲಯ ಶುರುವಾಯಿತು. ಆಮೇಲೆ ನಮ್ಮ ಮೇಷ್ಟರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಕೊಟ್ಟ ಪ್ರಚಾರೋಪನ್ಯಾಸಗಳು, ತೆಳ್ಳಗಿನ ಆ ಪುಸ್ತಿಕೆಗಳು ನನ್ನ ತಂದೆಯವರ ಕಪಾಟಿನಲ್ಲಿದ್ದವು. ಅವುಗಳ ತವರು ಇದು ಎಂದು ಗೊತ್ತಿದ್ದರೂ, ಇಲ್ಲಿ ನಿಂತಾಗ ಗಂಟಲು ಕಟ್ಟಿತು.

ಆದರೆ ಅದೇ ಫಲಕದ ಮುಂದೆ ಇನ್ನೊಂದನ್ನೂ ನೆನೆಯಬೇಕು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯುವಾಗ ವಿರುದ್ಧ ವೋಟು ಹಾಕಿದ ಆರು ಸೆನೆಟರ್‌ಗಳಲ್ಲಿ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯ ಸದಸ್ಯರಲ್ಲಿ, ಲಾ ಫಾಲೆಟ್ ಒಬ್ಬ. ಸೆಪ್ಟೆಂಬರ್‌ನಲ್ಲಿ ಸೇಂಟ್ ಪಾಲ್‌ನಲ್ಲಿ ಮಾಡಿದ ಭಾಷಣವನ್ನು ಸುದ್ದಿಸಂಸ್ಥೆ ತಿರುಚಿ ಕಳಿಸಿತು. ಜರ್ಮನಿಯ ಮೇಲೆ ನಮಗೆ ದೂರು ಇದೆ ಎಂದು ಅವನು ಹೇಳಿದ್ದು, ದೂರೇ ಇಲ್ಲ ಎಂದು ಅಚ್ಚಾಯಿತು. ದೇಶದ್ರೋಹಿ ಎಂಬ ಕೂಗು ಎದ್ದಿತು. ಸೆನೆಟ್‌ನಿಂದ ಹೊರಹಾಕಬೇಕೆಂಬ ಅರ್ಜಿಗಳು ಹೋದವು. ಇದೇ ಮ್ಯಾಡಿಸನ್‌ನಲ್ಲಿ ವಿದ್ಯಾರ್ಥಿಗಳು ಅವನ ಪ್ರತಿಕೃತಿ ಸುಟ್ಟರು. ಇದೇ ವಿಶ್ವವಿದ್ಯಾನಿಲಯದ ನಾನೂರಕ್ಕೂ ಹೆಚ್ಚು ಅಧ್ಯಾಪಕರು ಅವನನ್ನು ಖಂಡಿಸಿ ಸಹಿ ಹಾಕಿದರು. ಯಾವ ಈಲಿಯವರನ್ನು ಉಳಿಸಲು ಈ ಫಲಕದ ಮಾತು ಬರೆದರೋ ಆ ಈಲಿ ಮುಂದಾಳು. ಹಳೆಯ ಗೆಳೆಯ ವ್ಯಾನ್ ಹೈಸ್ ಸಹಿಯೂ ಅದರಲ್ಲಿತ್ತು. ಸುದ್ದಿಸಂಸ್ಥೆ 1918ರಲ್ಲಿ ತಪ್ಪು ಒಪ್ಪಿಕೊಂಡಿತು. 1919ರಲ್ಲಿ ಸೆನೆಟ್ 50ಕ್ಕೆ 21 ವೋಟಿನಲ್ಲಿ ವಿಚಾರಣೆ ಕೈಬಿಟ್ಟಿತು. ಗೆಳೆತನ ಮೊದಲಿನ ಹಾಗೆ ಆಗಲಿಲ್ಲ. ವ್ಯಾನ್ ಹೈಸ್ ಆ ಹೊತ್ತಿಗೆ ತೀರಿಹೋಗಿದ್ದರು.

ಗುಡ್ಡ ಇಳಿದು ಮೆಂಡೋಟಾ ಸರೋವರದ ದಡಕ್ಕೆ ಬಂದೆ. ಅಲ್ಲಿ ಕೋಟೆಯ ಹಾಗಿರುವ ಕೆಂಪು ಇಟ್ಟಿಗೆಯ ಹಳೇ ಜಿಮ್ನೇಷಿಯಂ, ಎಲ್ಲರೂ ರೆಡ್ ಜಿಮ್ ಅನ್ನುತ್ತಾರೆ. 1904ರ ಮೇ ತಿಂಗಳಲ್ಲಿ ಲಾ ಫಾಲೆಟ್‌ನ ರಿಪಬ್ಲಿಕನ್ ಪಕ್ಷ ಅಭ್ಯರ್ಥಿ ಆರಿಸುವ ಸಮಾವೇಶ ನಡೆಸಿದ್ದು ಇಲ್ಲಿ. ಪಕ್ಷ ಎರಡು ಹೋಳಾಗಿತ್ತು. ಲಾ ಫಾಲೆಟ್ ಕಡೆಯವರು ಬಾಗಿಲಿಗೆ ಮುಳ್ಳುತಂತಿ ಕಟ್ಟಿ, ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಆಟಗಾರರನ್ನು ಕಾವಲಿಗೆ ನಿಲ್ಲಿಸಿದ್ದರು. ಎದುರು ಗುಂಪು ಎದ್ದು ಹೋಗಿ ಒಪೆರಾ ಹೌಸ್‌ನಲ್ಲಿ ತನ್ನದೇ ಅಭ್ಯರ್ಥಿಯನ್ನು ನಿಲ್ಲಿಸಿತು. ನಿಜವಾದ ಪಕ್ಷ ಯಾವುದು ಎಂದು ಹೈಕಮಾಂಡ್‌ಗಳು ಕಚ್ಚಾಡುವುದು ನಮಗೇನು ಹೊಸದೇ? ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟ್ ಲಾ ಫಾಲೆಟ್ ಕಡೆಗೆ ತೀರ್ಪು ಕೊಟ್ಟಿತು. ಬ್ಯಾಡ್ಜ್ ತೋರಿಸಿ ಒಳಗೆ ಹೋಗಬೇಕಿದ್ದ ಆ ಬಾಗಿಲಿನಲ್ಲಿ ಈಗ ಬೆನ್ನಿಗೆ ಚೀಲ ಹಾಕಿದ ಹುಡುಗರು ಬಂದು ಹೋಗುತ್ತಿದ್ದರು.

ಶನಿವಾರ

ಈ ದಿನಕ್ಕೇ ನಾನು ಕಾದಿದ್ದು. ಶನಿವಾರ ಕ್ಯಾಪಿಟಲ್ ಸುತ್ತ ರೈತರ ಸಂತೆ. ಚೌಕದ ನಾಲ್ಕೂ ಬದಿ ಮೇಜು ಹಾಕಿ, ಬೆಳೆದವರೇ ನಿಂತು ಮಾರುತ್ತಾರೆ. ಕುಂಬಳಕಾಯಿ, ಸೇಬು, ಜೇನು, ಚೀಸ್. ಪುಟ್ಟಿ ಒಂದು ಪೊಟ್ಟಣ ಚೀಸ್ ಕರ್ಡ್ಸ್ ಕೊಂಡು "ಮಾವ, ಕಚ್ಚಿ ನೋಡಿ, ಶಬ್ದ ಬರುತ್ತೆ" ಅಂದಳು. ಬೆಟ್ಟದ ನೆಲ್ಲಿಕಾಯಿ ಗಾತ್ರದ ಬಿಳಿ ತುಂಡು. ಹಲ್ಲಿಗೆ ಸಿಕ್ಕಾಗ ಹೊಸ ಚಪ್ಪಲಿಯ ಹಾಗೆ ಕೀಚ್ ಅಂತು. ಅವತ್ತೇ ಮಾಡಿದ್ದಾದರೆ ಮಾತ್ರ ಹೀಗಂತೆ, ಮಾರನೆಯ ದಿನ ಮೌನ.

ಈ ಕಟ್ಟಡ ಲಾ ಫಾಲೆಟ್ ಆಳಿದ ಕಟ್ಟಡ ಅಲ್ಲ. 1904ರ ಫೆಬ್ರವರಿ 27ರ ನಸುಕಿನಲ್ಲಿ ಬೆಂಕಿ ಬಿದ್ದು ಹಳೆಯ ಕ್ಯಾಪಿಟಲ್ ಸುಟ್ಟುಹೋಯಿತು. ಹೊಸದಾಗಿ ವಾರ್ನಿಷ್ ಬಳಿದ ಚಾವಣಿಗೆ ಗ್ಯಾಸ್ ದೀಪದ ಉರಿ ತಗುಲಿತು. ವಿದ್ಯಾರ್ಥಿಗಳು ಕಾನೂನು ಗ್ರಂಥಾಲಯದ ಪುಸ್ತಕಗಳನ್ನು ಹೊತ್ತು ಹೊರಗೆ ತಂದರು. ಗವರ್ನರ್ ಜೊತೆಗೇ ನಿಂತಿದ್ದ. ಖಾಸಗಿ ವಿಮೆ ಬಿಟ್ಟು ರಾಜ್ಯದ್ದೇ ವಿಮಾ ನಿಧಿಗೆ ಹೋಗುವ ಸಂಧಿಯಲ್ಲಿ ಈ ಅನಾಹುತ ಆದದ್ದರಿಂದ ಕೈಗೆ ಬಂದ ಹಣವೂ ಕಡಿಮೆ. ಈಗಿನ ಕಟ್ಟಡ 1906ರಿಂದ 1917ರವರೆಗೆ ಕಟ್ಟಿದ್ದು. ಗ್ರಾನೈಟ್ ಗುಮ್ಮಟ. ವಾಷಿಂಗ್ಟನ್‌ನ ಗುಮ್ಮಟಕ್ಕಿಂತ ಮೂರೇ ಅಡಿ ಗಿಡ್ಡ.

ಒಳಗೆ ಲಾ ಫಾಲೆಟ್‌ನ ಎದೆಮಟ್ಟದ ಪ್ರತಿಮೆ ಇದೆ. ಹಿಂದಕ್ಕೆ ಬಾಚಿ ಎತ್ತಿ ನಿಲ್ಲಿಸಿದ ದಟ್ಟ ಕೂದಲು, ಬಿಗಿದ ತುಟಿ. ಮನುಷ್ಯ ಗಿಡ್ಡ, ನಟನಾಗುವ ಆಸೆ ಬಿಟ್ಟದ್ದು ಎತ್ತರ ಸಾಲದೆಂದೇ. ವೇದಿಕೆ ಹತ್ತಿದರೆ ಎರಡು ಮೂರು ಗಂಟೆ ಜನ ಕದಲುತ್ತಿರಲಿಲ್ಲ.

ಅವನು ಮೊದಲು 1880ರಲ್ಲಿ ಡೇನ್ ಕೌಂಟಿಯ, ಅಂದರೆ ಜಿಲ್ಲೆಯ, ಸರ್ಕಾರಿ ವಕೀಲನ ಚುನಾವಣೆಗೆ ನಿಂತ. ಇಲ್ಲಿನ ಪಕ್ಷದ ಯಜಮಾನ, ಅಂಚೆ ಮುಖ್ಯಸ್ಥ ಎಲೈಷ ಕೀಸ್ ಬೇಡ ಅಂದರೂ ಕುದುರೆಗಾಡಿಯಲ್ಲಿ ತೋಟ ತೋಟ ಸುತ್ತಿ ಗೆದ್ದ. ಆಮೇಲೆ ಆರು ವರ್ಷ ಕಾಂಗ್ರೆಸ್ ಎಂಬ ಅಮೆರಿಕದ ಸಂಸತ್ತಿನ ಸದಸ್ಯ, 1890ರಲ್ಲಿ ಸೋಲು. ಬದುಕು ತಿರುಗಿದ್ದು 1891ರ ಸೆಪ್ಟೆಂಬರ್‌ನಲ್ಲಿ, ಮಿಲ್ವಾಕಿಯ ಒಂದು ಹೋಟೆಲಿನಲ್ಲಿ. ಮರದ ವ್ಯಾಪಾರದಲ್ಲಿ ಕೋಟ್ಯಧೀಶನಾದ ಸೆನೆಟರ್ ಫಿಲೆಟಸ್ ಸಾಯರ್ ಅವನನ್ನು ಕರೆಸಿದ. ರಾಜ್ಯದ ಹಣದ ಬಡ್ಡಿಯನ್ನು ಜೇಬಿಗೆ ಹಾಕಿಕೊಂಡ ಖಜಾಂಚಿಗಳ ಮೇಲೆ ಮೊಕದ್ದಮೆ ನಡೆಯುತ್ತಿತ್ತು. ನ್ಯಾಯಾಧೀಶ ಲಾ ಫಾಲೆಟ್‌ನ ಭಾವ. ಭಾವನಿಗೆ ಹೇಳಿ ತೀರ್ಪು ತಿರುಗಿಸಲು ತನಗೆ ದುಡ್ಡು ಕೊಡಬಂದರು ಎಂದು ಲಾ ಫಾಲೆಟ್ ಬಹಿರಂಗವಾಗಿ ಹೇಳಿದ. ವಕೀಲನಾಗಿ ನೇಮಿಸಿಕೊಳ್ಳಲು ಕರೆದದ್ದಷ್ಟೇ ಎಂದು ಸಾಯರ್ ಹೇಳಿದ. ಪಕ್ಷದವರು ಲಾ ಫಾಲೆಟ್‌ನ ಮುಖ ನೋಡುವುದನ್ನೇ ಬಿಟ್ಟರು.

1896ರಲ್ಲಿ ಗವರ್ನರ್ ಟಿಕೆಟ್ ಕೇಳಿದ, ಸಿಗಲಿಲ್ಲ. 1898ರಲ್ಲೂ ಸಿಗಲಿಲ್ಲ. ಸಮಾವೇಶದ ಪ್ರತಿನಿಧಿಗಳನ್ನು ರಾತ್ರೋರಾತ್ರಿ ಕೊಂಡುಕೊಳ್ಳುವುದನ್ನು ಕಣ್ಣಾರೆ ಕಂಡ ಮೇಲೆ ಅವನಿಗೆ ಹೊಳೆದದ್ದು, ಟಿಕೆಟ್ ಹಂಚುವ ಕೈಯನ್ನೇ ಬದಲಿಸಬೇಕು ಎಂದು. ಸಮಾವೇಶ ಬೇಡ, ಪಕ್ಷದ ಅಭ್ಯರ್ಥಿಯನ್ನೂ ಮತದಾರರೇ ಮತಪೆಟ್ಟಿಗೆಯಲ್ಲಿ ಆರಿಸಲಿ. 1897ರ ಜಾತ್ರೆಗಳಲ್ಲಿ ಗಾಡಿಯ ಮೇಲೆ ನಿಂತು ಇದನ್ನೇ ಹೇಳಿದ. 1900ರಲ್ಲಿ 61 ಕೌಂಟಿಗಳಲ್ಲಿ 208 ಭಾಷಣ ಮಾಡಿ ಗೆದ್ದ. 1901ರ ಜನವರಿಯಲ್ಲಿ ಗವರ್ನರ್ ಆದ. ವಿಸ್ಕಾನ್ಸಿನ್‌ನಲ್ಲೇ ಹುಟ್ಟಿ ಗವರ್ನರ್ ಆದವರಲ್ಲಿ ಮೊದಲಿಗ.

ಗೆದ್ದರೆ ಮುಗಿಯಲಿಲ್ಲ. ಅವನದೇ ಪಕ್ಷದ ಶಾಸಕರು ಮೊದಲ ಅಧಿವೇಶನದಲ್ಲಿ ಎರಡೂ ಮುಖ್ಯ ಮಸೂದೆಗಳನ್ನು ಮುರಿದರು. ಒಂದು ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ, ಇನ್ನೊಂದು ರೈಲ್ವೆ ತೆರಿಗೆ. ರೈತನ ಹೊಲಕ್ಕೂ ಮನೆಗೂ ಬೆಲೆ ಕಟ್ಟಿ ತೆರಿಗೆ ಹಾಕುತ್ತಿದ್ದ ರಾಜ್ಯ, ರೈಲ್ವೆ ಕಂಪನಿಗಳ ಆಸ್ತಿಗೆ ಬೆಲೆ ಕಟ್ಟುತ್ತಿರಲಿಲ್ಲ. ಸಂಪಾದನೆಯ ಮೇಲೆ ಒಂದು ಲೈಸೆನ್ಸ್ ಫೀ ಕಟ್ಟಿದರೆ ಸಾಕಿತ್ತು. ಜೊತೆಗೆ ಶಾಸಕರ ಜೇಬಿನಲ್ಲಿ ಕಂಪನಿಗಳು ಕೊಟ್ಟ ಪುಕ್ಕಟೆ ರೈಲು ಪಾಸು.

ಆಗ ಅವನು ಹಿಡಿದ ಆಯುಧ ರೋಲ್ ಕಾಲ್. ಶಾಸನಸಭೆಯಲ್ಲಿ ಹೆಸರು ಕೂಗಿ ವೋಟು ಬರೆದುಕೊಂಡ ಪಟ್ಟಿ ಅದು. ಮಸೂದೆಗೆ ಅಡ್ಡ ನಿಂತ ಶಾಸಕನ ಊರಿಗೇ ಹೋಗಿ, ಮಸೂದೆ ಏನು, ಅದರಿಂದ ನಿಮಗೆ ಆಗುತ್ತಿದ್ದುದೇನು ಎಂದು ಹೇಳಿ, ಆಮೇಲೆ ಪಟ್ಟಿ ತೆಗೆದು ಒಂದೊಂದೇ ಹೆಸರು ಓದುವುದು. ಆ ಊರಿನವನ ಹೆಸರು ಬಂದಾಗ ಸಭೆಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಬೈಗುಳ ಇಲ್ಲ, ಕತೆ ಇಲ್ಲ. ಯಾವ ತಾರೀಖು, ಯಾವ ಮಸೂದೆ, ಹೌದೋ ಅಲ್ಲವೋ. ಕೂತವರಿಗೆ ಸತ್ಯ ತಿಳಿದರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಅವನ ಬೆನ್ನೆಲುಬು. ನನ್ನನ್ನು ಇಷ್ಟು ದೂರ ಕರೆತಂದದ್ದೂ ಅದೇ.

ನೋಡಿಕೊಂಡರು ಕೂಡ. 1903ರಲ್ಲಿ ರೈಲ್ವೆಯ ಆಸ್ತಿಗೆ ಬೆಲೆ ಕಟ್ಟಿ ತೆರಿಗೆ ಹಾಕುವ ಕಾಯಿದೆ ಆಯಿತು. 1904ರ ನವೆಂಬರ್‌ನಲ್ಲಿ ಪ್ರೈಮರಿ ಕಾಯಿದೆಯನ್ನು ಜನಮತಗಣನೆಗೆ ಇಟ್ಟಾಗ ಜನ ಒಪ್ಪಿದರು. 1905ರಲ್ಲಿ ರೈಲ್ವೆ ದರ ನೋಡುವ ಆಯೋಗ, ಪರೀಕ್ಷೆ ಬರೆಸಿ ಸರ್ಕಾರಿ ನೌಕರಿ ಕೊಡುವ ಸಿವಿಲ್ ಸರ್ವಿಸ್ ಕಾಯಿದೆ ಬಂದವು. ಎರಡನೆಯದರ ಕರಡು ಕಾಮನ್ಸ್ ಮೇಷ್ಟರದು.

ಅವನು ದೇವರಲ್ಲ. ಬೇಟೆ ಕಾಯುವ ಸರ್ಕಾರಿ ವಾರ್ಡನ್‌ಗಳನ್ನು ಚುನಾವಣೆ ಕೆಲಸಕ್ಕೆ ಬಳಸಿದ. ಪಕ್ಷದ ಯಂತ್ರ ಮುರಿಯಲು ತಾನೂ ಒಂದು ಯಂತ್ರ ಕಟ್ಟಿದ. 1905ರ ಜನವರಿಯಲ್ಲಿ ಸೆನೆಟ್‌ಗೆ ಆಯ್ಕೆಯಾದ ಮೇಲೂ ಒಂದು ವರ್ಷ ಗವರ್ನರ್ ಕುರ್ಚಿ ಬಿಡಲಿಲ್ಲ. ಹಿಡಿದ ಕೆಲಸ ಮುಗಿಸಲೆಂದೇ ಹಾಗೆ ಮಾಡಿದ ಎಂದು ನನ್ನ ಅನಿಸಿಕೆ, ಆದರೂ ಅದು ಸರಿ ಅನ್ನಲಾರೆ. ಜೊತೆಯವರನ್ನು ನಂಬುವುದು ಅವನಿಗೆ ಸುಲಭವಿರಲಿಲ್ಲ. ಲಕ್ಷ ಜನರನ್ನು ನಂಬಿದವನಿಗೆ ಪಕ್ಕದಲ್ಲಿ ಕೂತ ಒಬ್ಬನನ್ನು ನಂಬುವುದು ಯಾಕೆ ಕಷ್ಟವಾಯಿತೋ, ನನ್ನನ್ನು ಕಾಡುವ ಪ್ರಶ್ನೆ ಇದು.

ಭಾನುವಾರ

ಮೋಡ ಕವಿದಿತ್ತು. ಮೊದಲು ಮೇಪಲ್ ಬ್ಲಫ್‌ಗೆ ಹೋದೆವು. 1905ರಲ್ಲಿ ಸಂಸಾರ ಕೊಂಡ ತೋಟದ ಮನೆ ಮೆಂಡೋಟಾ ಸರೋವರದ ಆಚೆ ದಡದಲ್ಲಿದೆ. ಈಗ ಬೇರೆಯವರು ವಾಸವಿರುವ ಮನೆ, ರಸ್ತೆಯಲ್ಲೇ ನಿಂತು ನೋಡಿ ಬಂದೆವು. 1909ರಲ್ಲಿ ಲಾ ಫಾಲೆಟ್ ಶುರುಮಾಡಿದ ವಾರಪತ್ರಿಕೆಯಲ್ಲಿ ಬೆಲ್ ಅವರೂ ಬರೆಯುತ್ತಿದ್ದರು. ಇವತ್ತಿಗೂ ಅದು 'ದಿ ಪ್ರೋಗ್ರೆಸಿವ್' ಅನ್ನುವ ಹೆಸರಲ್ಲಿ ಮ್ಯಾಡಿಸನ್‌ನಿಂದ ಬರುತ್ತಿದೆ.

ಅಲ್ಲಿಂದ ಫಾರೆಸ್ಟ್ ಹಿಲ್ ಸ್ಮಶಾನ. 1924ರಲ್ಲಿ ಮೂರನೇ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತು 48 ಲಕ್ಷ ವೋಟು, ಆರರಲ್ಲೊಂದು ಪಾಲು, ಪಡೆದ ಮನುಷ್ಯ. ಗೆದ್ದದ್ದು ಒಂದೇ ರಾಜ್ಯ, ತನ್ನ ವಿಸ್ಕಾನ್ಸಿನ್. ಪ್ರತಿಕೃತಿ ಸುಟ್ಟ ಊರೇ ಆರೇಳು ವರ್ಷದ ಮೇಲೆ ವೋಟು ಕೊಟ್ಟಿತು. ಮುಂದಿನ ಜೂನ್ 18ಕ್ಕೆ ಅವನು ತೀರಿಕೊಂಡ. ಅವನ ಸೆನೆಟ್ ಸ್ಥಾನಕ್ಕೆ ನಿಲ್ಲಿ ಎಂದು ಬೆಲ್ ಅವರನ್ನು ಕೇಳಿದಾಗ ಬೇಡ ಅಂದರು. ಮಗ ರಾಬರ್ಟ್ ನಿಂತು ಗೆದ್ದ, ವಯಸ್ಸು ಮೂವತ್ತು. ಇನ್ನೊಬ್ಬ ಮಗ ಫಿಲಿಪ್ ಗವರ್ನರ್ ಆಗಿ 1932ರಲ್ಲಿ ನಿರುದ್ಯೋಗ ಪರಿಹಾರದ ಕಾಯಿದೆಗೆ ಸಹಿ ಹಾಕಿದ. ಅಮೆರಿಕದಲ್ಲೇ ಅದು ಮೊದಲು.

ಕಲ್ಲುಗಳ ಮೇಲೆ ಮೇಪಲ್ ಎಲೆಗಳು ಬಿದ್ದಿದ್ದವು. ಪುಟ್ಟಿ ಕೈಯಿಂದ ಸರಿಸಿ ಹೆಸರು ಓದಿದಳು. ಮಗ ರಾಬರ್ಟ್‌ನ ಕಲ್ಲಿನ ಹತ್ತಿರ ನಾನು ಅವಳಿಗೆ ಹೇಳಿದೆ: ಇಪ್ಪತ್ತೊಂದು ವರ್ಷ ಸೆನೆಟ್‌ನಲ್ಲಿದ್ದ ಇವನು 1946ರಲ್ಲಿ ಸೋತದ್ದು ಪ್ರೈಮರಿಯಲ್ಲಿ, ಐದು ಸಾವಿರ ಚಿಲ್ಲರೆ ವೋಟಿನಿಂದ. ಸೋಲಿಸಿದವನು ಮುಂದೆ ಕಮ್ಯುನಿಸ್ಟರ ಬೇಟೆಗೆ ಹೆಸರಾದ ಜೋಸೆಫ್ ಮೆಕಾರ್ಥಿ. 1953ರಲ್ಲಿ ರಾಬರ್ಟ್ ತನ್ನ ಜೀವ ತಾನೇ ತೆಗೆದುಕೊಂಡ.

"ಅಪ್ಪ ತಂದ ಪ್ರೈಮರಿಯಲ್ಲೇ ಮಗ ಸೋತನಾ ಮಾವ?"

"ಹೂಂ, ಅದೇ ಪ್ರೈಮರಿ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹನಿ ಶುರುವಾಯಿತು, ಕಾರಿಗೆ ಬಂದು ಕೂತೆವು. ವೈಪರ್ ಹಾಕದೆ ಹಾಗೇ ಕೂತು ಅವಳು ಹೇಳಿದಳು, "ಆಗಸ್ಟ್‌ನಲ್ಲಿ ನಾನು ಮೊದಲನೇ ಸಲ ವೋಟು ಹಾಕಿದ್ದು ಪ್ರೈಮರಿಯಲ್ಲೇ. ಹತ್ತಿರದ ಸ್ಕೂಲಿನಲ್ಲಿ ಬೂತು. ಹೆಸರು ಕೇಳಿದರು, ವಿಳಾಸ ಕೇಳಿದರು, ಕಾರ್ಡು ನೋಡಿದರು. ಯಾವ ಪಕ್ಷ ಅಂತ ಯಾರೂ ಕೇಳಲಿಲ್ಲ ಮಾವ. ಎಲ್ಲ ಪಕ್ಷದವರ ಹೆಸರೂ ಒಂದೇ ಹಾಳೆಯಲ್ಲಿ. ಒಂದು ಪಕ್ಷದ ಸಾಲಲ್ಲಿ ಮಾತ್ರ ಗುರುತು ಹಾಕಬೇಕು, ಅದು ಯಾವುದು ಅಂತ ನಾನು ಯಾರಿಗೂ ಹೇಳಬೇಕಿಲ್ಲ. ಪೆನ್ನಲ್ಲಿ ಆ ಸಣ್ಣ ಸೊನ್ನೆ ತುಂಬುವಾಗ ಕೈ ನಡುಗಿತು. ಗೆರೆ ಹೊರಗೆ ಹೋದರೆ ವೋಟು ಹಾಳಾಗುತ್ತೇನೋ ಅಂತ ಎರಡು ಸಲ ನಿಲ್ಲಿಸಿ ನೋಡಿದೆ."

ಹೆಬ್ಬೆರಳೂ ತೋರುಬೆರಳೂ ಸೇರಿಸಿ, ಸ್ಟಿಯರಿಂಗ್ ಮೇಲೆ ಆ ಸೊನ್ನೆ ಎಷ್ಟು ಸಣ್ಣದಿತ್ತು ಎಂದು ಬರೆದು ತೋರಿಸಿದಳು.